ಇಪ್ಪತ್ತು ಲೀಟರಿಗೆ ಒಂದು ಲೋಟ

ನಮ್ಮ ಸೋದರಮಾವ ಎಣ್ಣೆ ಬಿಡದ ವಸ್ತು ಅಂತ ಇಡೀ ತಿ. ನರಸೀಪುರದಲ್ಲಿ ಏನಾದರೂ ಉಳಿದಿದ್ದರೆ ಅದು ಕಾವೇರಿ ಕಪಿಲೆಯರ ಸಂಗಮ ಒಂದೇ. ಅದಾದರೂ ಯಾಕೆ ಉಳಿಯಿತು? ಕಿರುಗುಟ್ಟುವುದಿಲ್ಲವಲ್ಲ, ಅದಕ್ಕೆ! ಮಿಕ್ಕಂತೆ ಗೇಟು, ಬಾಗಿಲು, ಸೈಕಲ್ಲು, ಹೊಲಿಗೆ ಮಿಷನ್ನು, ಪಕ್ಕದ ಮನೆಯ ತೊಟ್ಟಿಲು, ಎಲ್ಲಕ್ಕೂ ಅವರ ಕೈ ತಾಗಿದೆ. ಯಾರ ಮನೆಗೆ ಹೋದರೂ 'ಚೆನ್ನಾಗಿದ್ದೀರಾ' ಅನ್ನುವುದಕ್ಕೆ ಮೊದಲು ಬಾಗಿಲನ್ನು ಎರಡು ಸಲ ಆಡಿಸಿ ಕಿವಿಗೊಡುತ್ತಾರೆ. ಜೇಬಿನಲ್ಲಿ ಸದಾ ಉದ್ದ ಮೂತಿಯ ಪುಟ್ಟ ಎಣ್ಣೆ ಡಬ್ಬಿ ಇರುತ್ತದೆ.

ನನಗೆ ಹೆಣ್ಣು ನೋಡಲು ಹುಲ್ಲಹಳ್ಳಿಗೆ ಹೋದಾಗ ಏನು ಮಾಡಿದರು ಅಂತೀರಿ? ಹುಡುಗಿ ಕಾಫಿ ತರುವ ಹೊತ್ತಿಗೆ ಇವರು ಕುರ್ಚಿಯ ಮೇಲೆ ನಿಂತು ಅವರ ಮನೆ ಬಾಗಿಲ ತಿರುಗಣೆಗೆ ಎಣ್ಣೆ ಬಿಡುತ್ತಿದ್ದರು. ನಮ್ಮಮ್ಮ ನಾಚಿಕೆಯಿಂದ ಭೂಮಿಗಿಳಿದುಹೋದಳು. ವಾರ ಕಳೆದ ಮೇಲೆ ಹುಡುಗಿಯ ತಂದೆ ಫೋನ್ ಮಾಡಿದರು. ಒಪ್ಪಿಗೆ ಹೇಳುತ್ತಾರೆ ಅಂತ ನಾನು ಎದೆ ಹಿಡಿದುಕೊಂಡು ಕೂತಿದ್ದರೆ, ಹಿತ್ತಿಲ ಬಾಗಿಲೂ ಕಿರುಗುಟ್ಟುತ್ತಿದೆ, ಬಿಡುವಾದಾಗ ನಿಮ್ಮ ಮಾವನವರನ್ನು ಕಳಿಸಿಕೊಡಿ ಅಂದರು. ಮದುವೆ ವಿಷಯ ಬರಲೇ ಇಲ್ಲ.

ನಗುವವರು ನಗಲಿ. ಮೂವತ್ತು ವರ್ಷ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಮಾವನ ಕೆಲಸ ಅದೇ ಆಗಿತ್ತು: ಕೈಯಲ್ಲಿ ಕ್ಯಾನು ಹಿಡಿದು ಒಂದೊಂದು ಮಿಷನ್ನಿಗೂ ಎಣ್ಣೆ ಉಣಿಸುವುದು. ಯಾವುದಕ್ಕೆ ಎಷ್ಟು ತೊಟ್ಟು ಅನ್ನುವುದು ಅವರ ಬೆರಳಿಗೇ ಗೊತ್ತಿತ್ತು. ಒಂದು ದಿನ ತನ್ನಷ್ಟಕ್ಕೆ ತಾನೇ ಎಣ್ಣೆ ಹಾಕಿಕೊಳ್ಳುವ ಹೊಸ ವ್ಯವಸ್ಥೆ ಬಂತು. ಇನ್ನು ನೀವು ಆರಾಮಾಗಿ ಕೂತಿರಬಹುದು ಅಂದರಂತೆ ಆಫೀಸರು. ಎರಡು ದಿನ ಕೂತರು. ಮೂರನೆಯ ದಿನ ರಾಜೀನಾಮೆ ಬರೆದುಕೊಟ್ಟು ಮನೆಗೆ ಬಂದರು. ಮಿಷನ್ನಿನ ಮುಖ ನೋಡದೆ ಎಣ್ಣೆ ಹಾಕುವುದು, ಮಗು ಅತ್ತಿತೋ ಇಲ್ಲವೋ ನೋಡದೆ ಹಾಲು ಕುಡಿಸಿದ ಹಾಗೆ ಅನ್ನುವುದು ಅವರ ವಾದ.

ಅಂಥವರ ಕೈಗೆ ಆ ಕಾರು ಸಿಕ್ಕಿತು. ಮೈಸೂರಿನ ಸಾಹುಕಾರರೊಬ್ಬರ ಶೆಡ್ಡಿನಲ್ಲಿ ವರ್ಷಗಟ್ಟಲೆ ಧೂಳು ತಿನ್ನುತ್ತಿದ್ದ ಹೊರದೇಶದ ಕೆಂಪು ಕಾರು. ತೆಗೆದುಕೊಂಡು ಹೋದರೆ ಸಾಕು ಅಂತ ಅವರೇ ಕೊಟ್ಟುಬಿಟ್ಟರು. ಅದರ ಇಂಜಿನ್ನಿನಲ್ಲಿ ಪಿಸ್ಟನ್ನೇ ಇಲ್ಲ! ಮೂರು ಮೂಲೆಯ ಕಬ್ಬಿಣದ ಸಮೋಸದಂಥ ಗಟ್ಟಿಯೊಂದು ಒಳಗೆ ಗಿರಗಿರ ತಿರುಗುತ್ತದೆ. ಅದರ ಮೂಲೆಗಳು ಗೋಡೆಗೆ ಉಜ್ಜಿ ಸವೆಯದಿರಲು ಪೆಟ್ರೋಲಿನ ಜೊತೆ ಒಂದಿಷ್ಟು ಎಣ್ಣೆಯೂ ಉರಿಯುತ್ತಲೇ ಇರಬೇಕು. ನಮ್ಮೂರಿನ ಮೆಕ್ಯಾನಿಕ್ಕು ನೋಡಿ, 'ಇದು ಆಯಿಲ್ ಕುಡೀತದೆ ಸಾ, ಇಂಜಿನ್ ಓಗ್ಬುಟ್ಟದೆ' ಅಂದ. ಮಾವನಿಗೆ ಎಲ್ಲಿಲ್ಲದ ಖುಷಿ. 'ಕುಡೀನಿಲ್ಲ ಅಂದ್ರೇನೆ ಇದು ಸಾಯೋದು ಕಣ್ಲಾ' ಅಂದರು. ಜನ್ಮಕ್ಕೆ ತಕ್ಕ ಜೋಡಿ ಸಿಕ್ಕಿತ್ತು.

ಅತ್ತೆಗೆ ಮಾತ್ರ ಅದು ಸವತಿ. ಮೂರು ವರ್ಷ ಆ ಕಾರಿನ ಕಡೆ ಮುಖ ಕೊಟ್ಟು ಮಾತಾಡಲಿಲ್ಲ. ಮಾವನೋ, ಅದನ್ನು ರಿಪೇರಿ ಮಾಡಿ, ಕ್ಯಾಂಟರಿನಲ್ಲಿ ಹೇರಿಕೊಂಡು ಕೊಯಮತ್ತೂರಿನ ರೇಸ್ ಟ್ರ್ಯಾಕಿಗೆ ಹೋಗಿ ಓಡಿಸಿ ಬರತೊಡಗಿದರು. ಅರವತ್ತು ದಾಟಿದವರಿಗೆ ಇದೆಲ್ಲ ಬೇಕಾ ಅಂತ ಕೇಳಿದವರಿಗೆ, ನಿಮ್ಮ ಬಾಗಿಲು ಮೊದಲು ನೋಡ್ಕೊಳ್ಳಿ ಅನ್ನುತ್ತಿದ್ದರು.

ಹೋದ ವರ್ಷ ಕಾರಿನ ಇಂಜಿನ್ನಿಗೆ ಎಣ್ಣೆ ಬಿಡುವ ಹಳೆಯ ಪಂಪು ಕೈಕೊಟ್ಟಿತು. ಈ ಜಾತಿಯ ಕಾರಿನ ಹುಚ್ಚು ಹಿಡಿದ ಹುಡುಗರ ಗುಂಪೊಂದು ಮೈಸೂರಿನಲ್ಲಿದೆ. ಎಲ್ಲರೂ ಒಳ್ಳೆಯವರು, ಎಲ್ಲರಿಗೂ ಎಲ್ಲ ಗೊತ್ತು! ಒಬ್ಬ ಎಣ್ಣೆಗೆ ಬೇರೆ ಟ್ಯಾಂಕ್ ಕೂರಿಸಿ ಅಂದ. ಮಿಕ್ಕವರೆಲ್ಲ ಒಂದೇ ಬಾಯಲ್ಲಿ, ಕಂಪ್ಯೂಟರೇ ಅಳೆದು ಹಾಕುವ ಹೊಸ ಕಿಟ್ ಬಂದಿದೆ ಅಂಕಲ್, ಅದನ್ನೇ ಹಾಕಿಸಿ ಅಂದರು. ಮೂರು ತಿಂಗಳು ಮಾವ ಎಲ್ಲರ ಮಾತನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನಾವೆಲ್ಲ ಇನ್ನೇನು ಕಿಟ್ ಬಂತು ಅಂದುಕೊಂಡೆವು. ಒಂದು ಬೆಳಗ್ಗೆ ಎದ್ದವರೇ ಪಂಪನ್ನು ಕಿತ್ತು ಪಕ್ಕಕ್ಕಿಟ್ಟು, ಅಡುಗೆಮನೆಯಿಂದ ಒಂದು ಸ್ಟೀಲ್ ಲೋಟ ಎತ್ತಿಕೊಂಡು ಬಂದರು. ಹಿಂದೆ ಬಂಕಿನಲ್ಲಿ ಮೊಪೆಡ್ಡುಗಳಿಗೆ ಬೆರೆಸುತ್ತಿದ್ದರಲ್ಲ, ಹಾಗೆ ಪೆಟ್ರೋಲ್ ಟ್ಯಾಂಕಿಗೇ ಎಣ್ಣೆ ಬೆರೆಸುವುದು. ಇಪ್ಪತ್ತು ಲೀಟರಿಗೆ ಒಂದು ಲೋಟ.

ಹುಡುಗರು ಹೌಹಾರಿದರು. ಒಂದು ಸಲ ಅಳತೆ ತಪ್ಪಿದರೆ ಏನು ಗತಿ ಅಂಕಲ್ ಅಂದರು. ಮಾವ ಎದೆ ಸೆಟೆಸಿ ಹೇಳಿದ್ದು ಇಷ್ಟು: 'ಮೂವತ್ತು ವರ್ಸ ಒಂದು ತೊಟ್ಟು ಎಚ್ಚುಕಮ್ಮಿ ಮಾಡ್ದೋನಲ್ಲ ನಾನು. ಟ್ರ್ಯಾಕಲ್ಲಿ ಒಂದ್ ಸಲ ನನ್ ಅಳತೆ ತಪ್ಪುದ್ರೆ, ಆವತ್ತೇ ನಿಮ್ ಕಂಪ್ಯೂಟ್ರು ಆಕುಸ್ತೀನಿ. ಮತ್ತೆ ಜಲ್ಮದಲ್ಲಿ ಲೋಟ ಮುಟ್ಟಕಿಲ್ಲ.' ನೋಡಿ, ಮಾನ ಪಣಕ್ಕಿಟ್ಟಾಯಿತು! ಆಮೇಲೆ ಎಷ್ಟು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಆ ಸಲ ಕೊಯಮತ್ತೂರಿಗೆ ಅತ್ತೆಯೂ ಹೊರಟರು. ಯಾಕೆ ಅಂತ ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಪುಳಿಯೋಗರೆ ಬುತ್ತಿ ಕಟ್ಟಿಕೊಂಡು ಕ್ಯಾಂಟರಿನ ಮುಂದುಗಡೆ ಸೀಟಿನಲ್ಲಿ ಕೂತುಬಿಟ್ಟರು. ಟ್ರ್ಯಾಕಿನ ಹತ್ತಿರ ಮಾವ ಎಲ್ಲರ ಎದುರಿಗೆ ಒಂದು ಲೋಟ ಅಳೆದು ಹಾಕಿ, ಹೆಲ್ಮೆಟ್ ತರಲು ಆಚೆ ಹೋದರು. ಹುಡುಗರೂ ನಾನೂ ಹಿಂದೆಯೇ ಹೋದೆವು.

ಹಸಿರು ಬಾವುಟ ಬಿತ್ತು. ಮೊದಲ ಸುತ್ತಿನಲ್ಲೇ ಹೊಗೆ. ಎಂಥ ಹೊಗೆ ಅಂತೀರಿ, ಆಲೆಮನೆ ಹೊತ್ತಿಕೊಂಡ ಹಾಗೆ! ಎರಡನೆಯ ಸುತ್ತಿಗೆ ಕಾರು ಕೆಮ್ಮತೊಡಗಿತು. ಮೂರನೆಯದಕ್ಕೆ ಕುಂಟುತ್ತಾ ವಾಪಸು ಬಂದು ನಿಂತಿತು. ಹುಡುಗರು ಪ್ಲಗ್ಗು ಬಿಚ್ಚಿದರೆ ಕರ್ರಗೆ, ಎಣ್ಣೆಯಲ್ಲಿ ಅದ್ದಿ ತೆಗೆದಂತಿತ್ತು. ಇಂಜಿನ್ನಿಗೇನೂ ಆಗಿಲ್ಲ, ಎಣ್ಣೆ ಮೂರರಷ್ಟು ಬಿದ್ದಿದೆ ಅಂದರು. ಮಾವ ಲೋಟ ನೋಡಿದರು, ಟ್ಯಾಂಕ್ ನೋಡಿದರು, ತಮ್ಮ ಕೈಯನ್ನೇ ನೋಡಿಕೊಂಡರು. ಅವರ ಮುಖ ಅಷ್ಟು ಸಣ್ಣಗಾಗಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಆಗ ಅತ್ತೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಅವರ ಪಕ್ಕಕ್ಕೆ ಬಂದರು. ದೂರದಲ್ಲಿ ಕೂತಿದ್ದ ಅವರಿಗೆ ಕಾರು ವಾಪಸು ಬಂದದ್ದೇ ಗೆದ್ದ ಲೆಕ್ಕ. ಪಿಸುದನಿಯಲ್ಲಿ ಅಂದರೂ ನನಗೆ ಕೇಳಿಸಿತು. 'ಎಣ್ಣೆ ಕಮ್ಮಿ ಆದ್ರೆ ಇದು ಸತ್ತೋಯ್ತದೆ ಅಂತ ನೀವೇ ಯೋಳ್ತಿದ್ರಲ್ಲ. ಇಷ್ಟು ಜನದ ಮುಂದೆ ನೀವು ಸೋಲ್ಬಾರ್ದು ಅಂತ, ಯಾರೂ ಇಲ್ದಾಗ ನಾನೂ ಎಲ್ಡು ಲೋಟ ಉಯ್ದೆ. ಒಳ್ಳೇದಾಯ್ತು ಅಲ್ವಾ?'

ಮಾವ ಲೋಟವನ್ನು ಬೋರಲು ಹಾಕಿದರು. ಆಮೇಲೆ, 'ಊಂ ಕಣಮ್ಮಿ, ನೀನು ಉಯ್ದಿದ್ಕೇ ಓಡ್ತು' ಅಂದರು.

ಅಷ್ಟರಲ್ಲಿ ಹುಡುಗರು ಬಂದು, ಏನಾಯ್ತು ಅಂಕಲ್, ನಿಮ್ಮ ಕೈ ಹೇಗೆ ತಪ್ಪಿತು ಅಂತ ಕೇಳಿದರು. ನಾನು ಬಾಯಿ ತೆರೆದೆ. ಮಾವ ನನ್ನ ಕಾಲನ್ನು ಬಲವಾಗಿ ತುಳಿದರು.

'ನಂದೇ ತಪ್ಪು ಕಣ್ರಪ್ಪ. ಎಷ್ಟು ಲೋಟ ಆಕ್ದೆ ಅಂತ ಮರ್ತೋಯ್ತು' ಅಂದರು. 'ಆ ಕಂಪ್ಯೂಟ್ರು ಕಿಟ್ಟು ತರ್ಸಿ.'

ಅತ್ತೆ ಅವರ ಬೆನ್ನು ಸವರಿ, ಇರಲಿ ಬಿಡಿ, ವಯಸ್ಸಾಯ್ತಲ್ಲ, ಇನ್ಮೇಲೆ ನಾನು ಜೊತೇಲಿ ಬರ್ತೀನಿ ಅಂದರು.