ಶಿವಯೋಗೀಶನ ಕಾರಿನ ಹಲ್ಲು

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮಾಳಮಡ್ಡಿಯ ಬಯಲಿನ ನಟ್ಟನಡುವೆ ಶಿವಯೋಗೀಶನ ಕಾರು ‘ಕರ್ರ್’ ಎಂದು ಅರಚಿ ನಿಂತುಬಿಟ್ಟಿತು. ರಿಮೋಟನ್ನು ಎಷ್ಟು ಒತ್ತಿದರೂ ಮೋಟರು ಕಿರುಚುತ್ತಿತ್ತೇ ಹೊರತು ಗಾಲಿ ತಿರುಗಲಿಲ್ಲ. ಗಿಯರಿನ ಹಲ್ಲು ಸವೆದಿದ್ದವು. ಇದು ಮೂರನೆಯ ಸಲ.

ಕಾರೆಂದರೆ ಕೂತು ಹೋಗುವ ಕಾರಲ್ಲ. ಎರಡೂವರೆ ಅಡಿ ಉದ್ದದ, ಹನ್ನೆರಡು ಕಿಲೋ ತೂಕದ ರಿಮೋಟ್ ಕಾರು. ಶಿವಯೋಗೀಶ ಕಾಲೇಜೊಂದರ ಪರೀಕ್ಷಾ ವಿಭಾಗದ ಗುಮಾಸ್ತ, ವಯಸ್ಸು ನಲವತ್ತೇಳು. ವಾರದ ಆರು ದಿನ ಯಾರು ಏನೆಂದರೂ ‘ಹೌದ್ರಿ ಸರ್’ ಅನ್ನುವ ಪ್ರಾಣಿ, ಏಳನೆಯ ದಿನ ಬಯಲಿನಲ್ಲಿ ಹುಲಿ. ಕಾರನ್ನು ಪೂರಾ ವೇಗಕ್ಕೆ ಬಿಟ್ಟು, ಹಾಗೇ ಗಕ್ಕನೆ ರಿವರ್ಸ್ ಹೊಡೆದು, ದಿಬ್ಬದಿಂದ ಹಾರಿಸಿ ಧೂಳೆಬ್ಬಿಸುವಾಗ ಅವನಿಗೆ ಸಿಗುತ್ತಿದ್ದ ಸುಖ ಆ ಬಡಪಾಯಿಗೆ ಬೇರೆಲ್ಲೂ ಸಿಗುತ್ತಿರಲಿಲ್ಲ.

ಎರಡನೆಯ ಸಲ ಹಲ್ಲು ಹೋದಾಗಲೇ ಹೆಂಡತಿ ದಾಕ್ಷಾಯಿಣಿ ತೀರ್ಪು ಕೊಟ್ಟಿದ್ದಳು. “ಇನ್ನೊಂದ ಸಲ ಹಲ್ಲ ಹ್ವಾದ್ರ ಕಾರು ವಿಶಾಲಗ. ಅಂವಾ ಓಡಸೂದಿಲ್ಲ, ಕಾಜಿನ ಕಪಾಟಿನ್ಯಾಗ ಇಟ್ಟು ನೋಡ್ತಾನ.” ಎದುರು ಮನೆಯ ವಿಶಾಲ ಆ ಸಂಜೆಯೇ ಕಪಾಟು ಖಾಲಿ ಮಾಡಿಕೊಂಡಿದ್ದ. ಕಾರು ಗಾಜಿನ ಹಿಂದೆ ಕೂರುವುದನ್ನು ನೆನೆಸಿಕೊಂಡರೆ ಶಿವಯೋಗೀಶನಿಗೆ ಊಟ ಸೇರುತ್ತಿರಲಿಲ್ಲ.

ಪುಣ್ಯಕ್ಕೆ ದಾಕ್ಷಾಯಿಣಿ ಬಸುರಿ ತಂಗಿಯ ಕುಬಸಕ್ಕೆಂದು ಹುಬ್ಬಳ್ಳಿಗೆ ಹೋಗಿದ್ದಳು. ಬರುವುದು ಸಂಜೆ ಐದಕ್ಕೆ. ಅಷ್ಟರಲ್ಲಿ ರಿಪೇರಿ ಆಗಬೇಕು.

ಕಾರನ್ನು ಟಾವೆಲ್ಲಿನಲ್ಲಿ ಸುತ್ತಿ ತಂದು ಅಂಗಳದಲ್ಲಿಟ್ಟನೋ ಇಲ್ಲವೋ, ಪಕ್ಕದ ಮನೆಯ ನಿವೃತ್ತ ಡ್ರಿಲ್ ಮಾಸ್ತರ ಗುರುಸಿದ್ದಯ್ಯ ಕಾಂಪೌಂಡಿನ ಮೇಲಿಂದ ಇಣುಕಿದರು.

“ಮತ್ತ ಹಲ್ಲ ಹೋದುವೇನೋ?”

“ಸಣ್ಣಗ ಮಾತಾಡ್ರಿ ಸರ!”

ಸಣ್ಣಗೆ ಮಾತಾಡುವುದು ಗುರುಸಿದ್ದಯ್ಯನವರಿಗೆ ಗೊತ್ತಿರಲಿಲ್ಲ. “ಎಣ್ಣಿ ಕಾಣದ ಒಣಗ್ಯಾವ!” ಎಂದು ಕೂಗಿ, ಒಳಗಿಂದ ಕೊಬ್ಬರಿ ಎಣ್ಣೆ ತಂದು ಬೇಡಬೇಡವೆಂದರೂ ಸುರಿದರು. “ಈಗ ಹಚ್ಚು!”

ಶಿವಯೋಗೀಶ ಗುಂಡಿ ಒತ್ತಿದ. ಉಳಿದಿದ್ದ ಒಂದೋ ಎರಡೋ ಹಲ್ಲು ಕಚ್ಚಿಕೊಂಡವು. ಕಾರು ಟಣ್ಣನೆ ಹಾರಿ, ಹೊರಸಿನ ಮೇಲೆ ಒಣಹಾಕಿದ್ದ ಶಾವಿಗೆಯ ನಡುವೆ ಹೋಗಿ ಬಿದ್ದು, ಮತ್ತೆ ‘ಕರ್ರ್’ ಎಂದು ಸುಮ್ಮನಾಯಿತು. ಆ ಸದ್ದಿಗೆ ವಿಶಾಲ ಬಾಗಿಲಿಗೆ ಬಂದ. ಅವನ ಕೈಯಲ್ಲಿ ಅಳತೆಯ ಟೇಪು ಇತ್ತು.

ಶಾವಿಗೆಯ ಒಡತಿ, ಶಿವಯೋಗೀಶನ ತಾಯಿ ಸಂಗವ್ವ, ಹೊರಗೆ ಬಂದು ನೋಡಿದಳು. ಬೈಯಲಿಲ್ಲ. “ಶಾವಿಗಿ ಹ್ವಾದ್ರ ಹೋಗ್ಲಿ ಬಿಡಪಾ. ಮಾರಿ ಯಾಕ ಹಂಗ ಮಾಡೀ?” ಎಂದು ಮಗನ ಹಣೆಗೆ ವಿಭೂತಿ ಹಚ್ಚಿ ಒಳಗೆ ಹೋದಳು.

ಮನೆಯಲ್ಲಿದ್ದ ಕೊನೆಯ ಗಿಯರ್ ಜೋಡಿಯನ್ನು ಜೇಬಿಗೆ ಹಾಕಿಕೊಂಡು, ಕಾರನ್ನು ಎತ್ತಿಕೊಂಡು ಶಿವಯೋಗೀಶ ಮಕ್ತುಮಸಾಬರ ಗ್ಯಾರೇಜಿಗೆ ಓಡಿದ. ಮಕ್ತುಮಸಾಬರು ನಲವತ್ತು ವರ್ಷದಿಂದ ಎಂಜಿನ್ ಬಿಚ್ಚುತ್ತಿದ್ದವರು. ಸವೆದ ಗಿಯರನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದರು.

“ನೀವು ಜೋರ ಓಡಸ್ತೀರಿ, ಅದು ಖರೇ. ಮುಂದ ಓಡೂ ಗಾಡಿ ಒಮ್ಮೆಲೇ ಹಿಂದ ಜಗ್ಗಿದ್ರ ಹಲ್ಲ ಏನ ಮಾಡ್ಬೇಕ್ರಿ? ಆದ್ರ ಅದಕ್ಕ ಇವು ಮುರೀತಿದ್ದುವು. ಇಲ್ಲಿ ನೋಡ್ರಿ, ನುಣ್ಣಗ ತಿಕ್ಕಿದಂಗ ಸವದಾವ.” ಗಿಯರಿಗೆ ಮೆತ್ತಿದ್ದ ಬೂದು ಬಣ್ಣದ ಅಂಟನ್ನು ಬೆರಳಲ್ಲಿ ತಿಕ್ಕಿ ಮೂಸಿದರು. “ಗ್ರೀಸಿನ್ಯಾಗ ಬೂದಿ ಹಾಕೀರೇನ್ರಿ? ನಾವು ಎಂಜಿನ್ನಿನ ವಾಲ್ವ್ ತಿಕ್ಕಾಕ ಹಚ್ತೀವಲ್ಲ, ಅಂಥಾ ಪೇಸ್ಟ್ ಆಗೇತಿ.”

“ಬೂದಿ? ನಾ ಯಾಕ ಹಾಕಲ್ರಿ ಸಾಹೇಬ್ರ...” ಎಂದವನು ಅಲ್ಲೇ ತಡೆದ. ಕೈ ತಾನಾಗಿ ಹಣೆಗೆ ಹೋಯಿತು.

ಗಿಯರಿಗೆ ಗಾಳಿಯಾಡಲಿ ಎಂದು ಅದರ ಮುಚ್ಚಳವನ್ನು ಅವನೇ ಬಿಚ್ಚಿಟ್ಟಿದ್ದ. ಕಾರಿನ ಕವಚ ಎತ್ತಿದರೆ ಹಲ್ಲು ಎದುರಿಗೇ ಕಾಣುತ್ತಿದ್ದವು. ಅವನ ಹತ್ತನೆಯ ತರಗತಿಯ ಹಾಲ್ ಟಿಕೆಟ್ಟಿಗೂ, ನೌಕರಿಯ ಅರ್ಜಿಗೂ, ಸ್ಕೂಟರಿಗೂ ವಿಭೂತಿ ಹಚ್ಚಿದ ತಾಯಿ, ಮಗನನ್ನು ಇಷ್ಟು ಅಳಿಸುವ ಹಲ್ಲನ್ನು ಬಿಟ್ಟಾಳೆಯೇ?

“ಅವ್ವಾರಿಗೆ ಹೇಳಿಬಿಡ್ರಿ, ಮುಗೀತು” ಎಂದರು ಮಕ್ತುಮಸಾಬರು.

“ಅಕಿ ಕೈಯಿಂದನ ಸವದಾವಂತ ಹೆಂಗ ಹೇಳ್ಲಿ ಸಾಹೇಬ್ರ? ಎದಿ ಒಡಕೋತಾಳ.”

ಮಕ್ತುಮಸಾಬರು ಹೊಸ ಗಿಯರು ಕೂಡಿಸಿ, ತಗಡು ಕತ್ತರಿಸಿ ಡಬ್ಬಿ ಮಾಡಿ, ನಾಲ್ಕು ಸ್ಕ್ರೂ ಬಿಗಿದು ಅದನ್ನು ಮುಚ್ಚಿದರು. “ಇನ್ನ ಯಾರ ಬೆರಳೂ ಹೋಗಂಗಿಲ್ಲ. ಹೋಗ್ರಿ, ಆರಾಮ ಇರ್ರಿ.”

ನಾಲ್ಕೂವರೆಗೆ ಶಿವಯೋಗೀಶ ಸಿಳ್ಳೆ ಹಾಕುತ್ತ ಮನೆಗೆ ಬಂದ. ಅಂಗಳದಲ್ಲಿ ದಾಕ್ಷಾಯಿಣಿ ನಿಂತಿದ್ದಳು. ಯಾರದೋ ಕಾರು ಸಿಕ್ಕು ಬೇಗ ಬಂದಿದ್ದಳು. ಪಕ್ಕದಲ್ಲಿ ಗುರುಸಿದ್ದಯ್ಯ. ಅವರ ಪಕ್ಕದಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ ಹಿಡಿದ ವಿಶಾಲ.

“ನಾ ಏನೂ ಹೇಳಿಲ್ಲಪಾ, ಮೂರನೇ ಸಲ ಅಂತಷ್ಟ ಅಂದೆ” ಎಂದರು ಗುರುಸಿದ್ದಯ್ಯ.

“ಹ್ಯಾಂಗ ಹ್ವಾದುವು?” ದಾಕ್ಷಾಯಿಣಿ ಕೇಳಿದಳು.

ನಿಜ ಹೇಳಿದರೆ ಅರ್ಧ ತಪ್ಪು ಇಳಿಯುತ್ತಿತ್ತು. ಸಂಗವ್ವ ಬಾಗಿಲಲ್ಲಿ ನಿಂತಿದ್ದಳು. “ನಾನ ಜೋರ ಓಡಿಸಿದ್ನಿ” ಎಂದ ಶಿವಯೋಗೀಶ, ಕಾರನ್ನು ವಿಶಾಲನ ಕಡೆ ಚಾಚಿ.

“ಏ, ತಡಿ!” ಸಂಗವ್ವ ನಡುವೆ ಬಂದಳು. “ದಾಕ್ಷಾಯಿಣಿ, ನನ್ನ ಮಾರಿ ನೋಡಿ ಒಂದ ಸಲ ಬಿಡವಾ. ವಾರಕ್ಕೊಮ್ಮೆ ನಗ್ತಾನ, ಅದೂ ಇದರಿಂದನ. ಇನ್ನ ಮ್ಯಾಲ ಕಾರಿನ ಜವಾಬ್ದಾರಿ ನಂದು.”

ಅತ್ತೆಯ ಮಾತಿಗೆ ದಾಕ್ಷಾಯಿಣಿ ಕರಗಿದಳು. “ನಿಮ್ಮ ಸಲುವಾಗಿ ಬಿಟ್ಟೇನಿ, ಅತ್ತಿ. ನೀವ ನೋಡ್ಕೋರಿ. ನಾಕನೇ ಸಲ ಹ್ವಾದ್ರ ಮಾತ್ರ ಯಾರ ಮಾತೂ ಕೇಳೂದಿಲ್ಲ.” ವಿಶಾಲ ಪೆಟ್ಟಿಗೆಯನ್ನು ಎಸೆಯದೆ ಜೋಪಾನವಾಗಿ ಮಡಚಿಕೊಂಡು ಹೋದ.

ಸಂಗವ್ವ ಒಳಗೆ ಹೋಗಿ, ಹೆಬ್ಬೆರಳಿಗೆ ವಿಭೂತಿ ಬಳಿದುಕೊಂಡು ಬಂದಳು. ಕವಚ ಎತ್ತಿದಳು. ತಗಡಿನ ಡಬ್ಬಿ ಕಂಡು ಅವಳ ಕೈ ನಡುವೆಯೇ ನಿಂತಿತು.

“ಹಲ್ಲ ಎಲ್ಲಿ ಹ್ವಾದುವೋ ಯಪ್ಪಾ? ದಿನಾ ಒಂದ ಹೊತ್ತು ಇಬತ್ತಿ ಹಚ್ತಿದ್ನಿ, ಸಾಲಿಲ್ಲ ಅಂತ ಕಾಣ್ತದ. ಇನ್ನ ಎರಡೂ ಹೊತ್ತು ಹಚ್ಚೂಣಂತ ಬಂದ್ರ... ನಾ ಎಲ್ಲಿ ಹಚ್ಲಿ?”

ವಿಭೂತಿ ಬಳಿದ ಹೆಬ್ಬೆರಳನ್ನು ಹಾಗೇ ಎತ್ತಿ ಹಿಡಿದು ಮಗನ ಮುಖ ನೋಡಿದಳು. ಶಿವಯೋಗೀಶ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಒಂದೊಂದಾಗಿ ನಾಲ್ಕೂ ಸ್ಕ್ರೂ ಬಿಚ್ಚಿ, ಡಬ್ಬಿಯನ್ನು ತಾನೇ ಎತ್ತಿ ಹಿಡಿದ.

“ಇಲ್ಲಿ ಅದಾವ ನೋಡು. ಹಚ್ಚಬೇ” ಎಂದ.

ಸಂಗವ್ವ ಕಣ್ಣು ಮುಚ್ಚಿ ಶಿವನನ್ನು ನೆನೆದು, ಹೊಸ ಗಿಯರನ್ನು ಮೆಲ್ಲಗೆ ತಿರುಗಿಸುತ್ತ ಹಚ್ಚತೊಡಗಿದಳು. ಒಂದು ಹಲ್ಲನ್ನೂ ಬಿಡಲಿಲ್ಲ.