ತಾನೇ ಚಾಲೂ ಆಗುವ ಕಾರು ಮತ್ತು ನಮ್ಮ ಅವ್ವ

ಕಾರು ಇಟ್ಟುಕೊಂಡವನು ನಗೆಪಾಟಲಾಗಲು ಎಲ್ಲಿಗೂ ಹೋಗಬೇಕಿಲ್ಲ. ಅಂಥ ಪ್ರಸಂಗಗಳು ತಾವೇ ಮನೆ ಕೇಳಿಕೊಂಡು ಬರುತ್ತವೆ. ನಮ್ಮ ಮನೆಗೆ ಅವು ಬಂದದ್ದು ಅವ್ವನ ಸಲುವಾಗಿ.

ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ಅವ್ವನ ತಂಗಿ, ಅಂದರೆ ನಮ್ಮ ಚಿಕ್ಕವ್ವ, ಇರುವುದು ಯಲಬುರ್ಗಾದಲ್ಲಿ. ಮೊಣಕಾಲು ನೋವಿನಿಂದ ಆಕೆ ಹೊಸ್ತಿಲು ದಾಟುವುದಿಲ್ಲ. ಹೋಗುವುದಾದರೆ ಅವ್ವನೇ ಹೋಗಬೇಕು. ಆದರೆ ಬಿಸಿಲಿಗೆ ನಿಂತ ಕಾರಿನಲ್ಲಿ ಕುಳಿತ ಕೂಡಲೇ ಅವ್ವನಿಗೆ ತಲೆ ತಿರುಗುತ್ತದೆ. ಹೋದ ಬೇಸಿಗೆಯಲ್ಲಿ ಊರ ಅಗಸಿ ಬಾಗಿಲು ದಾಟುವುದರೊಳಗೆ ಇಳಿದುಬಿಟ್ಟಳು. "ಇನ್ನ ಈ ಕಾದ ಹಂಚಿನ ಮ್ಯಾಲೆ ನಾ ಕೂಡಂಗಿಲ್ಲ" ಎಂದಳು.

ಅಂದಿನಿಂದ ಅಕ್ಕತಂಗಿಯರದು ಫೋನಿನ ಭೇಟಿ. "ಫೋನಿನ್ಯಾಗ ಮಾರಿ ಕಾಣ್ತೈತಿ, ಕೈ ಹಿಡಿಯಾಕ ಬರಂಗಿಲ್ಲ" ಎಂದು ಅವ್ವ ಒಮ್ಮೆ ಅಂದದ್ದು ನನ್ನ ಮನಸ್ಸಿಗೆ ನಾಟಿತು. ದೂರದಿಂದಲೇ ಎಂಜಿನ್ ಚಾಲೂ ಮಾಡುವ ರಿಮೋಟು ಕೂಡಿಸಿದರೆ ಅವ್ವ ಹತ್ತುವುದರೊಳಗೆ ಎಸಿ ಓಡಿ ಕಾರು ತಂಪಾಗಿರುತ್ತದೆ ಎಂದು ಯಾರೋ ಹೇಳಿದರು. ನಮ್ಮದು ಗೇರು ತಾನೇ ಬದಲಾಗುವ ಹೊಸ ಕಾರು. ಕೂಡಿಸಬಹುದು ಎಂದಾಯಿತು.

ರಾಹುಕಾಲ

ಗಂಗಾವತಿಯಲ್ಲಿ ಈ ಕೆಲಸ ಬಲ್ಲ ಉಸ್ತಾದರೊಬ್ಬರಿದ್ದಾರೆ. ಶುಕ್ರವಾರ ಒಳ್ಳೆಯ ದಿನವೆಂದು ಮುಂಜಾನೆಯೇ ಹೋದೆ. ಅವರು ಕಾರನ್ನು ಸುತ್ತು ಹಾಕಿ ನೋಡಿ, "ಹೊಸಾ ಗಾಡಿ ಭಾಳ ಸಂಶಯದ್ದು ನೋಡ್ರಿ. ತನ್ನ ಕೀಲಿ ಸನೇಕ ಇಲ್ಲಂದ್ರ ಮಾಲಕನ್ನೂ ನಂಬಂಗಿಲ್ಲ. ಅದನ್ನ ಮದ್ಲ ಒಪ್ಪಸಬೇಕು" ಎಂದು ವೈರು ಕತ್ತರಿಸುವ ಇಕ್ಕಳ ಎತ್ತಿಕೊಂಡರು.

"ಸ್ವಲ್ಪ ತಡೀರಿ ಉಸ್ತಾದ್, ಈಗ ರಾಹುಕಾಲ ಐತಿ. ಕತ್ತರಿ ಹಾಕಬಾರದು" ಎಂದೆ.

ಅವರು ಬೇಸರ ಮಾಡಲಿಲ್ಲ. ಚಹಾ ತರಿಸಿದರು. ರಾಹುಕಾಲ ಮುಗಿಯಿತೆಂದು ನಾನು ಎದ್ದು ನೋಡಿದರೆ ಉಸ್ತಾದರು ಕೈಕಾಲು ತೊಳೆದು, ಬಿಳಿ ಅಂಗಿ ತೊಟ್ಟು, ಅತ್ತರು ಹಚ್ಚಿಕೊಂಡು ನಿಂತಿದ್ದಾರೆ.

"ನಿಮ್ಮ ರಾಹು ಹೋದ, ನಮ್ಮ ನಮಾಜು ಬಂತ್ರಿ. ದೇವರ ಕೆಲಸಾ ಮುಗೀಲಿ, ಆಮ್ಯಾಲೆ ಗಾಡಿದು ನೋಡೂಣು."

ಆ ದಿನ ಮಧ್ಯಾಹ್ನದ ತನಕ ಅವರ ಅಂಗಡಿಯಲ್ಲಿ ಒಂದೂ ದೂರಿಲ್ಲದೆ ನಿಂತಿದ್ದ ಗಾಡಿ ನನ್ನದೊಂದೇ. ಅದನ್ನು ಯಾರೂ ಮುಟ್ಟಿಯೇ ಇರಲಿಲ್ಲ.

ನಿಂಬೆಹಣ್ಣು

ಸಂಜೆಗೆ ಕೆಲಸ ಮುಗಿಯಿತು. ರಿಮೋಟಿನ ಗುಂಡಿಯನ್ನು ಒತ್ತಿ ಹಿಡಿದರೆ ಕಾರು ಗುರ್ ಎನ್ನುತ್ತಿತ್ತು. ಮನೆಗೆ ತಂದು, ಕಾಯಿ ಒಡೆದು ಪೂಜೆ ಮಾಡಿದೆ. ಮರುದಿನ ಒತ್ತಿದರೆ ದೀಪ ಮಿಣುಕಿದವೇ ಹೊರತು ಎಂಜಿನ್ ಏಳಲಿಲ್ಲ. ಉಸ್ತಾದರಿಗೆ ಫೋನು ಮಾಡಿದೆ.

"ಬಾನೆಟ್ ತೆರೆದೈತೇನ್ರಿ?"

"ಇಲ್ರಿ, ಮುಚ್ಚೇತಿ."

"ತೆರೆದೈತಿ ಅಂತ ಗಾಡೀನ ಹೇಳಾಕತ್ತೈತ್ರಿ. ಒಳಗ ಯಾರದರ ಕೈ ಇದ್ದೀತಂತ ಅದು ಚಾಲೂ ಆಗವಲ್ದು. ಎತ್ತಿ ನೋಡ್ರಿ."

ಎತ್ತಿ ನೋಡಿದೆ. ಪೂಜೆಯ ನಿಂಬೆಹಣ್ಣು ಬಾನೆಟ್ಟಿನ ಅಂಚಿಗೆ ಸಿಕ್ಕು, ಅದು ಪೂರ್ತಿ ಮುಚ್ಚದಂತೆ ಚಪ್ಪಟೆಯಾಗಿ ಕುಳಿತಿತ್ತು. ಹೊಸ ಯಂತ್ರಕ್ಕೆ ಯಾರ ದೃಷ್ಟಿಯೂ ತಾಗದಿರಲೆಂದು ನಾನೇ ಇಟ್ಟದ್ದು. ಸಂಕೋಚದಿಂದಲೇ ಹೇಳಿದೆ.

ಉಸ್ತಾದರು ನಿಧಾನವಾಗಿ ಅಂದರು, "ಹಣ್ಣಿಂದು ತಪ್ಪಿಲ್ರಿ ಯಜಮಾನ್ರ, ಖರೇನ ಕೆಲಸಾ ಮಾಡೇತಿ. ಯಾರ ದೃಷ್ಟೀನೂ ಒಳಗ ಬಿಟ್ಟಿಲ್ಲ, ರಿಮೋಟಿನ ಮಾತೂ ಕೇಳಗೊಟ್ಟಿಲ್ಲ."

ಕುಷ್ಟಗಿಯಲ್ಲಿ

ಅವ್ವನಿಗೆ ತೋರಿಸುವ ಮೊದಲು ಒಮ್ಮೆ ಪರೀಕ್ಷೆ ಆಗಲಿ ಎಂದು ಕುಷ್ಟಗಿಗೆ ಹೋದಾಗ ಬಟ್ಟೆ ಅಂಗಡಿಯ ಒಳಗಿನಿಂದಲೇ ಗುಂಡಿ ಒತ್ತಿದೆ. ಕೊಂಡ ಸೀರೆಯನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಹೊರಗೆ ಬಂದರೆ ಕಾರಿನ ಸುತ್ತ ಜನ ನಿಂತಿದ್ದರು. ನಾಲ್ಕೂ ಗಾಲಿಗೆ ಹಿಂದೆ ಮುಂದೆ ದೊಡ್ಡ ಕಲ್ಲು ಬಿದ್ದಿದ್ದವು. ರುಮಾಲು ಸುತ್ತಿದ ಹಿರಿಯರೊಬ್ಬರು ಬೆವರು ಒರೆಸಿಕೊಳ್ಳುತ್ತ ನನ್ನನ್ನು ಗದರಿಸಿದರು.

"ಏನ್ ಮನುಷ್ಯಾರೀ ನೀವು. ಗಾಡಿ ತಾನ ಚಾಲೂ ಆಗೇತಿ. ನಾವು ಕಲ್ಲು ಇಡಲಿಲ್ಲಂದ್ರ ಇಷ್ಟೊತ್ತಿಗೆ ಇಳಕಲ್ಲ ಮುಟ್ಟತಿತ್ತು."

ನಾನು ಕೈಮುಗಿದು, ರಿಮೋಟು ತೋರಿಸಿ, ಎಲ್ಲವನ್ನೂ ವಿವರಿಸಿದೆ. ಅವರು ಪೂರ್ತಿ ಕೇಳಿ ತಲೆಯಾಡಿಸಿದರು.

"ಛಲೋ ಐತಿ ಬಿಡ್ರಿ. ಹಂಗಾದ್ರ ಈ ಕಲ್ಲನೂ ಅದರಿಂದನ ತೆಗೀರಿ."

ಆರತಿ

ಈ ಸುದ್ದಿ ನನಗಿಂತ ಮೊದಲೇ ಊರು ಮುಟ್ಟಿತ್ತು. "ಹಾದಿ ಮಂದಿ ಕಲ್ಲು ಹಚ್ಚಿ ತಡದಾರಂದ್ರ ಅದು ಮನುಷ್ಯಾರು ಕೂಡೂ ಗಾಡೀನ ಅಲ್ಲ. ಒಳಗ ಯಾರೂ ಇಲ್ಲದ ಎಂಜಿನ್ ಹಚ್ಚವರು ಯಾರು? ನಾ ಒಲ್ಲೆ" ಎಂದಳು ಅವ್ವ. ಯಂತ್ರವೂ ವ್ಯರ್ಥ, ಯಲಬುರ್ಗಾವೂ ದೂರವಾಯಿತು ಎಂದುಕೊಂಡೆ. ರಿಮೋಟನ್ನು ದೇವರ ಜಗಲಿಯ ಮೇಲೆ ಇಟ್ಟೆ.

ಸೋಮವಾರ ಮುಂಜಾನೆ ನನ್ನ ಹೆಂಡತಿ ಮಂಗಳಾರತಿ ಮಾಡಿ, ಗಂಟೆ ನಿಲ್ಲಿಸಿ, ಆರತಿಯ ತಾಟು ಜಗಲಿಯ ಮೇಲಿಟ್ಟಳು. ಅದೇ ಗಳಿಗೆಗೆ ಅಂಗಳದಲ್ಲಿ ಕಾರು ಚಾಲೂ ಆಯಿತು. ಅವ್ವ ಕಿಟಕಿಯಿಂದ ನೋಡಿದಳು. ಕಾರಿನಲ್ಲಿ ಯಾರೂ ಇಲ್ಲ. ನಿಧಾನಕ್ಕೆ ಹೊರಗೆ ಹೋಗಿ, ಬಾನೆಟ್ಟಿಗೆ ವಿಭೂತಿ ಹಚ್ಚಿ ಬಂದಳು.

"ಗಾಡಿಗೆ ಭಕ್ತಿ ಐತಿ. ನಾಳೆ ತಂಗಿ ಊರಿಗೆ ಹೋಗೂಣು."

ದೇವರ ಮುಂದೆ ಸುಳ್ಳಿಗೆ ಒಪ್ಪಬಾರದೆಂದು ನಾನು ಹೇಳಿಬಿಟ್ಟೆ, "ಅವ್ವಾ, ತಾಟು ಹೋಗಿ ರಿಮೋಟಿನ ಮ್ಯಾಲೆ ಕುಂತಿತ್ತು." ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದಳು.

ಅವ್ವ ಮಾತ್ರ ಅಲ್ಲಾಡಲಿಲ್ಲ. "ಇಷ್ಟಗಲ ಜಗಲಿ ಬಿಟ್ಟು ತಾಟು ಅಲ್ಲೇ ಕೂಡಬೇಕಂತ ಬುದ್ಧಿ ಕೊಟ್ಟವರು ಯಾರಪ?"



ಯಲಬುರ್ಗಾ

ಮರುದಿನ ತಂಪಾದ ಕಾರಿನಲ್ಲಿ ಕುಳಿತ ಅವ್ವನಿಗೆ ದಾರಿಯುದ್ದಕ್ಕೂ ತಲೆ ತಿರುಗಲಿಲ್ಲ. ಚಿಕ್ಕವ್ವ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಇಬ್ಬರೂ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತರು. ನನ್ನ ಕಣ್ಣೂ ಒದ್ದೆಯಾದವು.

ಊಟವಾದ ಮೇಲೆ, "ತಂಗಿಗೆ ತೋರಸ್ತೀನಿ, ಕೊಡು" ಎಂದು ಅವ್ವ ರಿಮೋಟು ಇಸಿದುಕೊಂಡಳು. ನಾನು ಪಡಸಾಲೆಯಲ್ಲಿ ಸ್ವಲ್ಪ ಅಡ್ಡಾದೆ. ಎದ್ದು ನೋಡಿದರೆ ಮನೆಯಲ್ಲಿ ಇಬ್ಬರೂ ಇಲ್ಲ. ಅಡುಗೆಮನೆ, ಹಿತ್ತಲು ಎಲ್ಲ ಹುಡುಕಿದೆ. ಹೊಸ್ತಿಲು ದಾಟದ ಚಿಕ್ಕವ್ವ ಎಲ್ಲಿಗೆ ಹೋದಾಳು ಎಂದು ಗಾಬರಿಯಾಗಿ ಬೀದಿಗೆ ಬಂದೆ.

ಕಾರು ಗುರ್ ಎನ್ನುತ್ತ ನಿಂತಿತ್ತು. ಹಿಂದಿನ ಸೀಟಿನಲ್ಲಿ ಅಕ್ಕತಂಗಿ ಒರಗಿ ಕುಳಿತು, ಎಲೆಅಡಿಕೆ ಮೆಲ್ಲುತ್ತ ಮಾತಿನಲ್ಲಿ ಮುಳುಗಿದ್ದರು. ನಾನು ಗಾಜು ಬಡಿದೆ. ಅವ್ವ ಒಂದು ಬೆರಳು ಹಿಡಿಯುವಷ್ಟು ಇಳಿಸಿದಳು.

"ಅವ್ವಾ, ಹೊತ್ತಾತು. ಊರಿಗೆ ಹೋಗಬೇಕಲ್ಲ."

"ಈಗಷ್ಟ ನನ್ನ ಮದುವೀ ಸುದ್ದಿಗೆ ಬಂದೀವಪ" ಎಂದಳು ಒಳಗಿನಿಂದ ಚಿಕ್ಕವ್ವ.

ಅವ್ವ ಗಾಜು ಏರಿಸುತ್ತ ಅಂದಳು, "ಥಂಡ ಹೊರಗ ಹೊಂಟೈತಿ, ದೂರ ನಿಲ್ಲು. ನಿನಗ ಅವಸರ ಇದ್ರ ಬಸ್ ಐತಿ ನೋಡು."