ಗಿರಿಜಾಳ ಒಂದು ಸೆಂಟಿಮೀಟರ್

ಸೆಂಟಿಮೀಟರ್ ಎಂದರೆ ಎಷ್ಟು ಎಂದು ಯಾರಾದರೂ ಕೇಳಿದರೆ ಕಿರುಬೆರಳಿನ ಉಗುರು ತೋರಿಸುವವನು ನಾನು. ದಾವಣಗೆರೆಯ ಪತ್ರಿಕೆಯೊಂದರಲ್ಲಿ ನನ್ನ ಹೊಟ್ಟೆಪಾಡೇ ಅದು. ಮಂತ್ರಿಗಳ ಭಾಷಣವಿರಲಿ, ಆನಗೋಡಿನ ಹಾಲಿನ ಡೇರಿಯ ಉದ್ಘಾಟನೆಯಿರಲಿ, ಸ್ಕೇಲಿಟ್ಟು ಅಳೆದು, ಹೆಚ್ಚಾದದ್ದನ್ನು ಕತ್ತರಿಸಿ ಪುಟಕ್ಕೆ ಅಂಟಿಸುತ್ತೇವೆ. ತಲೆಬರಹ ಇಕ್ಕಟ್ಟಾಗಬಾರದೆಂದು ಮೇಲೆ ಒಂದು ಸೆಂಟಿಮೀಟರ್ ಬಿಟ್ಟೇ ಲೆಕ್ಕ ಹಿಡಿಯುವುದು ನಮ್ಮ ಪದ್ಧತಿ. ಸುದ್ದಿ ಕತ್ತರಿಸಿಕೊಂಡವರು ಮರುದಿನ ಫೋನಿನಲ್ಲಿ ಬೈದರೆ, "ಒಂದು ಸೆಂಟಿಮೀಟರ್ ಹೋದ್ರೆ ಏನಾತು ಬಿಡ್ರಿ" ಎನ್ನುತ್ತೇನೆ.

ಈ ಸಮಾಧಾನ ಹರಿಹರದ ನನ್ನ ಅಕ್ಕನ ಮನೆಯಲ್ಲಿ ನಡೆಯಲಿಲ್ಲ. ಅಕ್ಕನ ಮಗಳು ಗಿರಿಜಾಗೆ ಪೊಲೀಸ್ ಆಗುವ ಆಸೆ. ದಾವಣಗೆರೆ ಜಿಲ್ಲೆಯಾದ ಹೊಸತು. ಆಯ್ಕೆ ಇಲ್ಲೇ ಎಂದು ಗೊತ್ತಾದಾಗಿನಿಂದ ಹೊಳೆ ದಂಡೆಯಲ್ಲಿ ಓಡುತ್ತಿದ್ದಳು. ನಾನು ಅವಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ, ಗೆರೆ ಎಳೆದು ಅಳೆದೆ. ಬೇಕಾದ ಎತ್ತರಕ್ಕೆ ಒಂದು ಸೆಂಟಿಮೀಟರ್ ಕಡಿಮೆ!

"ಉಗುರಿನಷ್ಟಕ್ಕ ನೌಕರಿ ಹೋಗತೈತೇನೋ ತಮ್ಮ?" ಎಂದಳು ಅಕ್ಕ. ಅಂದಿನಿಂದ ಗಿರಿಜಾ ತಲೆಯ ಮೇಲೆ ಕೊಡ ಹೊರುವುದು ಬಂದ್. ಮನುಷ್ಯ ಬೆಳಿಗ್ಗೆ ಏಳುವಾಗ ತುಸು ಉದ್ದವಿದ್ದು, ಹೊತ್ತೇರಿದಂತೆ ಕುಗ್ಗುತ್ತಾನೆ ಎಂದು ಎಲ್ಲೋ ಓದಿದ್ದನ್ನು ನಾನು ಹೇಳಬಾರದಿತ್ತು. ಆಯ್ಕೆಯ ದಿನ ಅಕ್ಕ ಬಾಡಿಗೆ ಅಂಬಾಸಿಡರ್ ತರಿಸಿ, ಮಗಳನ್ನು ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿ, ಕುಗ್ಗದಂತೆ ಕಾಯುತ್ತ ಹೊರಟಳು. ದಾವಣಗೆರೆ ಹತ್ತಿರವಾದಾಗ ಡ್ರೈವರ್ ಮೆಲ್ಲಗೆ ಕೇಳಿದ: "ಪೇಷಂಟ್ ಹೆಂಗದಾರ್ರಿ? ಪಿ.ಜೆ. ಬಡಾವಣೆ ಆಸ್ಪತ್ರೆಗೇನ್ರಿ?"

"ಪೇಷಂಟ್ ಅಲ್ರಿ, ಪೊಲೀಸು!" ಎಂದಿತು ಹಿಂದಿನ ಸೀಟು.

ಎತ್ತರದಲ್ಲಿ ಗಿರಿಜಾ ಪಾಸಾದಳು, ಓಟದಲ್ಲಂತೂ ಮುಂದಿದ್ದಳು. ಸಂಜೆ ಹರಿಹರಕ್ಕೆ ಮರಳಿ, ನನ್ನೆದುರೇ ಅದೇ ಬಾಗಿಲಿಗೆ ನಿಂತು, ತಾಯಿಯಿಂದ ಅಳೆಸಿಕೊಂಡಳು. ದಿನವಿಡೀ ಓಡಿ ದಣಿದು ಕುಗ್ಗಿದ್ದರೂ ಬೇಕಾದಷ್ಟು ಎತ್ತರವಿದ್ದಳು. ನಾನು ಎಳೆದ ಗೆರೆ ಮಾತ್ರ ಅವಳ ನೆತ್ತಿಗಿಂತ ಉಗುರಿನಷ್ಟು ಕೆಳಗಿತ್ತು. ರೂಢಿಬಿದ್ದ ಕೈ ಇಲ್ಲೂ ಮೇಲೊಂದು ಸೆಂಟಿಮೀಟರ್ ಬಿಟ್ಟಿತ್ತು!

"ನನ್ನ ಮಗಳ ತಲಿ ಮ್ಯಾಲೆ ಏನ್ ಹೆಡ್ಡಿಂಗ್ ಹಾಕೋನಿದ್ದಿಯೋ?" ಎಂದಳು ಅಕ್ಕ.

"ಈಗ ನೀವು ನಿಂದರ್ರಿ ಮಾವ" ಎಂದು ಗಿರಿಜಾ ಪೆನ್ಸಿಲ್ ಕಸಿದುಕೊಂಡಳು. ಚೌಕಟ್ಟಿಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತೆ. ಒಂದು ಸೆಂಟಿಮೀಟರ್ ಹೋದರೆ ಏನಾಯಿತು ಎಂದು ಊರಿಗೆಲ್ಲ ಹೇಳುವವನು ನಾನು.

"ಮಾವ, ಹಿಮ್ಮಡಿ ಇಳಸ್ರಿ" ಎಂದಳು. ದನಿ ಆಗಲೇ ಠಾಣೆಯದಾಗಿತ್ತು.